ಹಡಗಿನಲ್ಲಿ ಕೇಳಿದ ಮನೆಮಾತು

ಆ ಹಡಗಿನ ಚಿತ್ರ ನೋಡಿ ಬಾಯಿ ಬಿಟ್ಟವರು ತಿರುಪ್ಪೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬನಿಯನ್ ಕಂಪನಿಯ ಯಜಮಾನ, ಮುದಲಾಳಿ ಕೃಷ್ಣಸಾಮಿ ಅದನ್ನು ತನ್ನ ಆಫೀಸಿನ ಗೋಡೆಗೆ ಬಾಗಿಲಷ್ಟು ದೊಡ್ಡದು ಮಾಡಿ ಹಾಕಿಸಿದ್ದ. ಅಷ್ಟು ಬಿಳಿ, ಅಷ್ಟು ಎತ್ತರ, ಸಾಲು ಸಾಲು ಕಿಟಕಿ, ಹಿಂದೆ ನೀಲಿ ಸಮುದ್ರ. ನೂಲು ಮಾರಲು ಬಂದವರು, ಬ್ಯಾಂಕಿನವರು, ಮದುವೆಗೆ ಕರೆಯಲು ಬಂದವರು, ಎಲ್ಲರೂ ಅದರ ಕೆಳಗೆ ಕೂತು ಅವನ ಕಪ್ಪಲ್ ಕತೆ, ಎಂದರೆ ಹಡಗಿನ ಕತೆ, ಕೇಳಿಯೇ ಏಳಬೇಕಿತ್ತು. ನಾನು ಆ ಹಡಗಿನೊಳಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಊಟ ಬಡಿಸಿದವನು. ಅಷ್ಟು ಸುಳ್ಳನ್ನು ಒಟ್ಟಿಗೆ ಸೇರಿಸಿ ಬಿಳಿ ಬಣ್ಣ ಬಳಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನನ್ನ ಹೆಸರು ರಾಮಲಿಂಗಂ. ಊರು ಕೊಯಮತ್ತೂರು ಕಡೆಯ ಸಿರುಮುಗೈ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ, ಅವನ ಅಪ್ಪನೂ ಅದೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಕನ್ನಡಕ್ಕೆ ಲಿಪಿ ಇದೆಯೆಂಬುದೇ ಗೊತ್ತಿಲ್ಲ, ಅದು ಬಾಯಲ್ಲಿ ಮಾತ್ರ ಬದುಕಿರುವ ಮಾತು. ನನಗೆ ಮಗ್ಗದ ಮುಂದೆ ಕೂರುವ ತಾಳ್ಮೆ ಇರಲಿಲ್ಲ. ಕೊಯಮತ್ತೂರಿನ ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಸಪ್ಲೈಯರ್ ಆದೆ. ಅಲ್ಲಿಂದ ಬೊಂಬಾಯಿ, ದೊಡ್ಡ ಹೋಟೆಲು, ಬಿಳಿ ಕೋಟು. ಅಲ್ಲಿಗೆ ಬಂದ ಏಜೆಂಟ್ ಒಬ್ಬ ನನ್ನ ನಡಿಗೆ ನೋಡಿ, ಕೈಯಲ್ಲಿ ಐದು ತಟ್ಟೆ ಹಿಡಿದು ಓಡಾಡುವುದನ್ನು ನೋಡಿ, ಇಟಲಿ ದೇಶದ ಹಡಗಿಗೆ ಸೇರಿಸಿದ. 'ಬೆಲ್ಲಾ ಲೂನಾ' ಎಂದು ಅದರ ಹೆಸರು. ಎಂಬತ್ತಾರರಲ್ಲಿ ಹತ್ತಿದೆ.

ಸರಕು ಸಾಗಿಸುವ ಹಡಗು ಅಲ್ಲ ಅದು. ಎಲ್ಲಿಗೂ ಹೋಗಬೇಕಾದ ಕೆಲಸ ಅದಕ್ಕೆ ಇರಲಿಲ್ಲ. ಜೆನೋವಾದಲ್ಲಿ ಜನರನ್ನು ತುಂಬಿಸಿಕೊಂಡು, ಒಂದು ವಾರ ನಾಲ್ಕಾರು ಊರು ಸುತ್ತಿಸಿ, ಮತ್ತೆ ಜೆನೋವಾದಲ್ಲೇ ಇಳಿಸುವುದು. ಬಂದವರೆಲ್ಲ ಸಂತೋಷ ಪಡಲೆಂದೇ ಬಂದವರು, ಸಂತೋಷ ಪಡದೆ ಅವರನ್ನು ಬಿಡುತ್ತಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಲೌಡ್‌ಸ್ಪೀಕರಿನಲ್ಲಿ ಒಬ್ಬಳು ಚೆನ್ನಾಗಿದ್ದೀರಾ ಎಂದು ಕೂಗುತ್ತಿದ್ದಳು. ಹತ್ತು ಗಂಟೆಗೆ ಈಜುಕೊಳದ ಪಕ್ಕ ಗಂಡಸರ ಕಾಲಿನ ಸ್ಪರ್ಧೆ, ಯಾರ ಕಾಲಲ್ಲಿ ಹೆಚ್ಚು ಕೂದಲೋ ಅವರಿಗೆ ಬಹುಮಾನ. ಬ್ಯಾಂಕಿನ ಮ್ಯಾನೇಜರುಗಳು, ವಕೀಲರು ಪಂಚೆ ಎತ್ತಿ ತೋರಿಸುವವರ ಹಾಗೆ ಪ್ಯಾಂಟು ಎತ್ತಿ ತೋರಿಸುತ್ತಿದ್ದರು. ನಂತರ ತಂಬೋಲ, ನಂತರ ನೃತ್ಯದ ಪಾಠ, ನಂತರ ತಿನ್ನುವುದು. ಸುಮ್ಮನೆ ಕೂತು ಸಮುದ್ರ ನೋಡುವವನನ್ನು ಕಂಡರೆ ಆ ಲೌಡ್‌ಸ್ಪೀಕರಿನ ಹೆಂಗಸು ಬಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು.

ಕಟ್ಟಿದವನು ಬುದ್ಧಿವಂತ, ಒಪ್ಪುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ಮೂರು ಮಹಡಿ ಎತ್ತರದ ಹಜಾರ. ಗಾಜಿನ ಲಿಫ್ಟು, ಹಿತ್ತಾಳೆಯ ಕಟಕಟೆ, ಬಿಳಿ ಪಿಯಾನೋ, ದಿನಾ ಧೂಳು ಒರೆಸಬೇಕಾದ ಪ್ಲಾಸ್ಟಿಕ್ ಮರಗಳು. ಬಂದವರ ಕತ್ತು ಮೇಲಕ್ಕೆ ಎತ್ತಿಸುವುದಕ್ಕೆಂದೇ ಅದನ್ನು ಅಷ್ಟು ಎತ್ತರ ಮಾಡಿದ್ದರು. ಕತ್ತು ಎತ್ತಿ ನಿಂತವರ ಫೋಟೋ ಹೊಡೆದು ಮರುದಿನ ಅವರಿಗೇ ಮಾರುತ್ತಿದ್ದರು. ಊಟದ ಹಾಲಿಗೆ ಹೋಗಬೇಕಾದರೆ ಅಂಗಡಿಗಳ ನಡುವೆಯೇ ಹೋಗಬೇಕು, ಊಟ ಮುಗಿಸಿ ಬರಬೇಕಾದರೆ ಜೂಜಿನ ಹಾಲಿನ ನಡುವೆಯೇ ಬರಬೇಕು, ಬೇರೆ ದಾರಿಯೇ ಇಟ್ಟಿರಲಿಲ್ಲ. ಜೂಜಿನ ಹಾಲಿಗೆ ಕಿಟಕಿಯೂ ಇಲ್ಲ, ಗಡಿಯಾರವೂ ಇಲ್ಲ. ಕುಡಿಯುವ ಬಾರ್ ಒಂದಕ್ಕೆ ವೆನಿಸ್ ಎಂದು ಹೆಸರು, ಇನ್ನೊಂದಕ್ಕೆ ಕೈರೋ, ಅಲ್ಲಿ ಗೋಡೆಯ ತುಂಬ ಸುಣ್ಣದ ಪುಡಿಯಲ್ಲಿ ಎರಕ ಹೊಯ್ದ ರಾಜರ ಮುಖಗಳು, ಮೂಗಿನ ತುದಿಗೆ ಚಿನ್ನದ ಬಣ್ಣ. ಕಡಿಮೆ ಟಿಕೇಟಿನ ರೂಮುಗಳು ಹಡಗಿನ ಹೊಟ್ಟೆಯೊಳಗೆ ಇದ್ದವು, ಅವಕ್ಕೆ ಕಿಟಕಿ ಇರಲು ಸಾಧ್ಯವೇ ಇಲ್ಲ. ಆದರೂ ಕಿಟಕಿ ಇರಬೇಕಾದ ಜಾಗದಲ್ಲಿ ಪರದೆ ತೂಗುಹಾಕಿ, ಹಿಂದೆ ಒಂದು ದೀಪ ಇಟ್ಟಿದ್ದರು. ಬೆಳಗಾಯಿತು ಎಂದು ಪರದೆ ಸರಿಸಿದ ಮುದುಕಿಯೊಬ್ಬಳು ಗೋಡೆ ನೋಡಿ ಅತ್ತದ್ದು ನನಗೆ ಗೊತ್ತು.

ಆ ಹಡಗಿನ ಕಂಬಳಿ ನೆಲಹಾಸಿನ ವಿಷಯ ಹೇಳಲೇಬೇಕು. ನೇಯುವವರ ಮನೆಯ ಮಗ ನಾನು, ಅದನ್ನು ನೋಡಿದ ದಿನ ಇದನ್ನು ಹಾಕಿಸಿದವನಿಗೆ ತಲೆ ಕೆಟ್ಟಿರಬೇಕು ಎಂದುಕೊಂಡೆ. ಕೆಂಪು, ನೇರಳೆ, ಹಳದಿ, ಒಂದರ ಮೇಲೆ ಒಂದು ಸುರುಳಿ. ಪೋರ್ಚುಗೀಸ್ ಮುದುಕ ಸ್ಟುವರ್ಡ್ ಒಬ್ಬ ಆಮೇಲೆ ಬಿಡಿಸಿ ಹೇಳಿದ: ವೈನ್ ಚೆಲ್ಲಿದರೂ, ಯಾರಾದರೂ ವಾಂತಿ ಮಾಡಿದರೂ ಕಾಣಬಾರದು, ಅದಕ್ಕೇ ಈ ಡಿಸೈನು. ಆಮೇಲೆ ಆ ನೆಲಹಾಸನ್ನು ನಾನು ಅಂಚಿನಲ್ಲೇ ದಾಟುತ್ತಿದ್ದೆ.

ಊಟದ ಹಾಲಿನ ಬಾಗಿಲು ಈ ಕಡೆಯಿಂದ ನೋಡಿದರೆ ತೇಗ, ಹೊಳಪು. ತಳ್ಳಿ ಒಳಗೆ ಹೋದರೆ ಹಿಂದುಗಡೆ ಬೂದು ಬಣ್ಣದ ಕಬ್ಬಿಣ. ಅಲ್ಲಿಂದ ಕೆಳಗೆ ನಮ್ಮ ಹಡಗು. ಉದ್ದಕ್ಕೂ ಒಂದೇ ಓಣಿ, ತಲೆಯ ಮೇಲೆ ಕೊಳವೆಗಳು, ಡೀಸೆಲ್ ಮತ್ತು ಬೇಯಿಸಿದ ಎಲೆಕೋಸಿನ ವಾಸನೆ, ನೀರಿನ ಮಟ್ಟಕ್ಕಿಂತ ಕೆಳಗೆ ನಮ್ಮ ಮಂಚಗಳು. ಮೇಲಿನವರ ಲಿಫ್ಟನ್ನು ನಾವು ಮುಟ್ಟುವ ಹಾಗಿಲ್ಲ, ಕೆಲಸವಿಲ್ಲದ ಹೊತ್ತಿನಲ್ಲಿ ಅವರ ಕಣ್ಣಿಗೆ ಬೀಳುವ ಹಾಗಿಲ್ಲ. ಹಾಲಿಗೆ ಹೊರಡುವ ಬಾಗಿಲ ಪಕ್ಕ ಆಳೆತ್ತರದ ಕನ್ನಡಿ, ಅದರ ಮೇಲೆ ನಗು ಎಂದು ಎರಡು ಭಾಷೆಯಲ್ಲಿ ಬರೆದಿತ್ತು. ನಗದೆ ಹೊರಗೆ ಹೋದರೆ ಹೆಡ್ ವೇಟರ್ ಬೆನ್ನಿಗೆ ತಿವಿಯುತ್ತಿದ್ದ. ವಾರದ ಕೊನೆಯ ರಾತ್ರಿ ದೀಪ ಆರಿಸಿ, ಬ್ಯಾಂಡು ಬಾರಿಸಿ, ಐಸ್‌ಕ್ರೀಮಿಗೆ ಬೆಂಕಿ ಹಚ್ಚಿದ ತಟ್ಟೆಯನ್ನು ತಲೆಯ ಮೇಲೆ ಇಟ್ಟುಕೊಂಡು ನಾವು ಮೇಜುಗಳ ಸುತ್ತ ಕುಣಿಯಬೇಕಿತ್ತು. ಅವರು ಕರವಸ್ತ್ರ ಬೀಸಿ ಕೇಕೆ ಹಾಕುತ್ತಿದ್ದರು.

ಇಷ್ಟು ಬೈದವನಿಗೆ ಆ ಕೆಲಸ ಯಾಕೆ ಬೇಕಿತ್ತು ಎಂದು ಕೇಳಬಹುದು. ಬೇಕಿತ್ತು. ಬೈಯುತ್ತಲೇ ಕಲಿತ ಕೆಲಸ ಅದು. ಯಾರ ಹಂಗೂ ಇಲ್ಲದೆ ನಾನಾಗಿ ಹತ್ತಿದ ಮೆಟ್ಟಿಲು. ಇಟಾಲಿಯನ್ ಭಾಷೆಯನ್ನು ಬೈಗುಳದಿಂದ ಶುರುಮಾಡಿ ಊಟದ ಪಟ್ಟಿಯ ತನಕ ಕಲಿತಿದ್ದೆ. ಮುಂದಿನ ವರ್ಷ ನಾಲ್ಕು ಮೇಜಿನ ಬದಲು ಎಂಟು ಮೇಜಿನ ಮೇಲಾಳು ಮಾಡುತ್ತೇವೆ ಎಂದು ಹೇಳಿದ್ದರು.

ಎಂಬತ್ತೇಳರ ಬೇಸಿಗೆಯಲ್ಲಿ ಕೃಷ್ಣಸಾಮಿ ಮತ್ತು ಅವನ ಹೆಂಡತಿ ತಂಗಮಣಿ ನನ್ನ ಮೇಜಿಗೆ ಬಂದರು. ಅವರನ್ನು ಕರೆತಂದವನು ಮಿಲಾನಿನ ವ್ಯಾಪಾರಿ ಬೆರ್ತೋನಿ, ನಮ್ಮ ಹಡಗಿನ ಅಂಗಡಿಗೆ ಹಡಗಿನ ಚಿತ್ರ ಇರುವ ಟೀ ಶರ್ಟು ಒದಗಿಸುವವನು. ಆ ಶರ್ಟುಗಳು ತಯಾರಾಗುವುದು ಕೃಷ್ಣಸಾಮಿಯ ಕಂಪನಿಯಲ್ಲಿ. ಮುಂದಿನ ಆರ್ಡರು ಇನ್ನೂ ದೊಡ್ಡದು, ಅದಕ್ಕೆ ಈ ಉಪಚಾರ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಅವರು ಮದ್ರಾಸಿನ ಕಡೆಯವರು ಎಂದಷ್ಟೇ ಅಂದುಕೊಂಡಿದ್ದೆ, ಮೇಜಿನಲ್ಲಿ ಅವರು ಆಡುತ್ತಿದ್ದುದು ಬೆರ್ತೋನಿಯ ಜೊತೆ ಮುರುಕು ಇಂಗ್ಲಿಷು. ನನ್ನ ಎದೆಯ ಮೇಲಿನ ಬಿಲ್ಲೆಯಲ್ಲಿ ಹಡಗಿನವರು ನನ್ನ ಹೆಸರನ್ನು ಕತ್ತರಿಸಿ 'ರಾಮ್' ಎಂದು ಮಾಡಿದ್ದರು, ಹಾಗಾಗಿ ಅವರಿಗೂ ನಾನು ಯಾವ ಸೀಮೆಯವನೆಂದು ಗೊತ್ತಾಗಲಿಲ್ಲ. ಆಯಮ್ಮ ಮಾತ್ರ ಏನೂ ತಿನ್ನಲಾಗದೆ ಒದ್ದಾಡುತ್ತಿದ್ದಳು. ಅಡುಗೆಯವನ ಕೈಕಾಲು ಹಿಡಿದು ಅವಳಿಗೆ ಬಿಳಿ ಅನ್ನ, ಮೊಸರು ತಂದುಕೊಟ್ಟೆ.

ಈಗ ನಮ್ಮ ವ್ಯಾಪಾರಸ್ಥರ ಒಂದು ಪದ್ಧತಿ ಹೇಳಬೇಕು. ಅಂಗಡಿಯಲ್ಲಿ ಗಿರಾಕಿ ಎದುರಿಗೇ ಕೂತಿರುವಾಗ ಗಂಡ ಹೆಂಡತಿ, ಅಣ್ಣ ತಮ್ಮ ಒಳಗುಟ್ಟನ್ನೆಲ್ಲ ಮನೆಮಾತಿನಲ್ಲಿ ಆಡಿಕೊಳ್ಳುತ್ತಾರೆ. ಎಷ್ಟಕ್ಕೆ ಬಿಡಬಹುದು, ಯಾವ ಮಾಲು ಹಳೆಯದು, ಯಾವುದನ್ನು ತೋರಿಸಬಾರದು, ಎಲ್ಲ. ಎದುರಿನವನು ತಮಿಳನೋ ಮಾರವಾಡಿಯೋ, ಅವನಿಗೆ ಒಂದಕ್ಷರ ತಿಳಿಯುವುದಿಲ್ಲ. ಮುಖದಲ್ಲಿ ಮಾತ್ರ ಅವನ ಮನೆಯವರ ಕ್ಷೇಮ ವಿಚಾರಿಸುವ ಹಾಗೆ ಇರುತ್ತಾರೆ. ಹುಟ್ಟಿದಾಗಿನಿಂದ ಹೀಗೇ ವ್ಯಾಪಾರ ಮಾಡಿದವನಿಗೆ ಆ ಮಾತು ಗೋಡೆ ಇದ್ದ ಹಾಗೆ, ಅದರ ಹಿಂದೆ ಏನು ಬೇಕಾದರೂ ಮಾಡಬಹುದು.

ಮೂರನೆಯ ದಿನದ ಊಟ ಕೋಟು ಹಾಕಿಕೊಂಡು ಬರಬೇಕಾದ ಊಟ. ಕ್ಯಾಪ್ಟನ್ ಎಲ್ಲರ ಕೈ ಕುಲುಕಿ ಫೋಟೋ ತೆಗೆಸಿಕೊಂಡು ಆಗಿತ್ತು. ತಂಗಮಣಿ ಸೂಪಿನಲ್ಲಿ ಚಮಚ ಆಡಿಸುತ್ತ ಗಂಡನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಒಂದ್ ಸಲ ತೊಳೆದ್ರೆ ಸಾಯ ಬುಟ್ಬುಡ್ತದೆ ಆ ಶರ್ಟು. ನಾಳೆ ಈ ಮನ್ಷ ಬಂದು ಕೇಳಿದ್ರೆ ಏನ್ ಹೇಳ್ತೀರ?"

ಬಣ್ಣಕ್ಕೆ ನಮ್ಮ ಕಡೆ ಸಾಯ ಎನ್ನುತ್ತಾರೆ, ದಿನಕ್ಕೆ ನಾಳ್. ಕೃಷ್ಣಸಾಮಿ ಬೆರ್ತೋನಿಯ ಕಡೆ ನೋಡಿ ನಗುತ್ತಲೇ ಉತ್ತರ ಕೊಟ್ಟ.

"ಕಪ್ಪಲ್‌ಗೆ ಬರೋರು ಒಂದ್ ನಾಳ್ ಹಾಕ್ಕೊಂಡು ಬಿಸಾಕೋ ಜನ. ಅವ್ರು ತೊಳೆಯೋದ್ರೊಳಗೆ ಮುಂದಿನ್ ಆರ್ಡರು ನಮ್ ಕೈಲಿರ್ತದೆ. ಒಳ್ಳೆ ಸಾಯಕ್ಕೆ ಕಾಸ್ ಕೊಡೋನ್ ಯಾವನು? ನೀ ಸುಮ್ಕೆ ಸೂಪ್ ಕುಡಿ."

ಅವನು ಹೇಳಿದ ವಿಷಯ ಆ ಹೊತ್ತಿಗೆ ನನ್ನ ತಲೆಗೆ ಹೋಗಲೇ ಇಲ್ಲ, ಒಂದೊಂದು ಮಾತೂ ನೆನಪಾದದ್ದು ಆಮೇಲೆ. ಆಗ ಹೋದದ್ದು ಆ ಮಾತಿನ ಧಾಟಿ. ಒಂದು ವರ್ಷದಿಂದ ನನ್ನ ತಲೆಯೊಳಗೆ ಬಿಟ್ಟರೆ ಬೇರೆಲ್ಲೂ ಕೇಳದ ಮಾತು, ಅವ್ವನ ಬಾಯಿಯ ಮಾತು, ಭವಾನಿ ಹೊಳೆ ದಡದ ಮಾತು, ನಡು ಸಮುದ್ರದಲ್ಲಿ ನನ್ನ ಮೇಜಿನಿಂದಲೇ ಬಂದುಬಿಟ್ಟಿತ್ತು. ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ತಟ್ಟೆ ಇಟ್ಟು, ಬಗ್ಗಿ, ಅವನ ಕಿವಿಯ ಹತ್ತಿರ ಕೇಳಿದೆ.

"ಅಣ್ಣಾ, ನಿಮ್ದು ಯಾವ ಊರು?"

ಅವನ ಕೈಯ ಚಮಚ ನಿಂತಿತು. ಮುಖದ ನೆತ್ತರೆಲ್ಲ ಇಳಿದುಹೋಯಿತು. ಬೆರ್ತೋನಿ ಅದನ್ನು ನೋಡಿದ, ಏನು ಕೇಳಿದ ಇವನು ಎಂದು ವಿಚಾರಿಸಿದ. ಕೃಷ್ಣಸಾಮಿ ಒಂದು ಗುಟುಕು ನೀರು ಕುಡಿದು, ಇವನು ನನ್ನ ಹತ್ತಿರ ಹಣ ಬೇಡುತ್ತಿದ್ದಾನೆ, ನಮ್ಮ ದೇಶದವನೆಂದು ಗುಟ್ಟಾಗಿ ಭಿಕ್ಷೆ ಕೇಳುತ್ತಿದ್ದಾನೆ ಎಂದ. ಅಷ್ಟಕ್ಕೇ ನಿಲ್ಲಿಸದೆ ಹೆಡ್ ವೇಟರನ್ನು ಕರೆದು ದೂರನ್ನೂ ಕೊಟ್ಟ. ಪ್ರಯಾಣಿಕರ ಹತ್ತಿರ ಹಣ ಬೇಡಿದವನಿಗೆ ಆ ಹಡಗಿನಲ್ಲಿ ವಿಚಾರಣೆ ಇರಲಿಲ್ಲ. ನಾನು ಊರು ಕೇಳಿದೆ, ಊರು ಕೇಳಿದೆ ಎಂದು ಎಷ್ಟು ಬಡಕೊಂಡರೂ ಯಾರೂ ನಂಬಲಿಲ್ಲ. ಪಲೆರ್ಮೋ ಬಂದರಿನಲ್ಲಿ ಪೆಟ್ಟಿಗೆಯ ಜೊತೆ ನನ್ನನ್ನು ಇಳಿಸಿದರು. ನಿಜ ಗೊತ್ತಿದ್ದ ಇನ್ನೊಬ್ಬಳು ತಂಗಮಣಿ. ಅವಳು ತಲೆ ತಗ್ಗಿಸಿ ಕೂತಿದ್ದಳು. ತಗ್ಗಿಸಿದ ಆ ತಲೆಯ ಮೇಲೆ ನನಗೆ ಆಗ ಗಂಡನಿಗಿಂತ ಹೆಚ್ಚು ಸಿಟ್ಟು ಬಂದಿತ್ತು.

ಬೊಂಬಾಯಿಯ ಏಜೆಂಟ್ ಕೈ ಚೆಲ್ಲಿದ. ಭಿಕ್ಷೆ ಬೇಡಿದವನು ಎಂದು ಹೆಸರಿನ ಮುಂದೆ ಬಿದ್ದ ಮೇಲೆ ಯಾವ ಹಡಗಿನವರೂ ತೆಗೆದುಕೊಳ್ಳುವುದಿಲ್ಲ ಎಂದ. ಆರು ತಿಂಗಳು ಅವನ ಬಾಗಿಲಿಗೆ ಅಲೆದ ಮೇಲೆ ಒಂದು ದಾರಿ ಹೇಳಿದ: ದೂರು ಕೊಟ್ಟ ಪ್ರಯಾಣಿಕನೇ ಅದು ತನ್ನ ತಪ್ಪು ತಿಳುವಳಿಕೆ ಎಂದು ಹಡಗಿನ ಕಂಪನಿಗೆ ಟೆಲೆಕ್ಸ್ ಕಳಿಸಿದರೆ, ಬರುವ ತಿಂಗಳು ಜೆನೋವಾದಲ್ಲಿ ಹತ್ತುವ ತಂಡದಲ್ಲಿ ನಿನ್ನನ್ನು ಸೇರಿಸುತ್ತೇನೆ. ಶರ್ಟು, ಸಾಯ ಎಂದ ಮೇಲೆ ಊರು ತಿರುಪ್ಪೂರೇ ಇರಬೇಕು, ಅಲ್ಲಿ ಕಪ್ಪಲಿಗೆ ಹೋಗಿಬಂದ ಮುದಲಾಳಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವನು ಅದನ್ನು ಯಾರಿಗೂ ಹೇಳದೆ ಬಿಟ್ಟಿರಲಿಲ್ಲ. ಸಿರುಮುಗೈಯಿಂದ ಅನ್ನೂರು, ಅವಿನಾಶಿ ದಾಟಿ ಬೆಳಿಗ್ಗೆಯ ಬಸ್ಸಿನಲ್ಲಿ ಬಂದಿಳಿದೆ.

ಕಂಪನಿ ನೋಡಿದ ಕೂಡಲೇ ನನ್ನ ಮೈ ಉರಿಯಿತು. ಮುಂಭಾಗವನ್ನು ಒಡೆಸಿ ದುಂಡಗೆ ಕಟ್ಟಿಸಿದ್ದ, ಬಿಳಿ ಸುಣ್ಣ, ಮೇಲಿನ ಮಹಡಿಗೆ ದುಂಡು ಕಿಟಕಿ, ಹಿತ್ತಾಳೆಯ ಕಟಕಟೆ. ಕೆಳಗೆ ಹೊಲಿಗೆ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು, ಗಾಳಿಯಲ್ಲಿ ಬಟ್ಟೆಯ ಧೂಳು, ಕಿಟಕಿ ಒಂದೂ ಇಲ್ಲ. ಹಡಗಿನಿಂದ ಅವನು ಏನು ಕಲಿತು ಬಂದಿದ್ದ ಎಂಬುದು ಇಲ್ಲೇ ಗೊತ್ತಾಯಿತು. ಮೇಲೆ ಅವನ ಆಫೀಸಿಗೆ ಹೋಗಲು ಬೇರೆ ಮೆಟ್ಟಿಲು, ಅದರ ಮೇಲೆ ಕೆಂಪು ನೇರಳೆ ಸುರುಳಿಯ ನೆಲಹಾಸು.

ಕೃಷ್ಣಸಾಮಿ ನನ್ನನ್ನು ನೋಡಿ ತಮಿಳಿನಲ್ಲಿ, ಯಾರು, ಏನು ಬೇಕು ಎಂದು ಕೇಳಿದ. ಹಡಗು ಎಂದೆ. ಅಲ್ಲಿ ಎಷ್ಟೋ ಜನ ಕೆಲಸದವರಿದ್ದರು, ನೆನಪಿಲ್ಲ ಎಂದ. ಪಕ್ಕದ ಮೇಜಿನಲ್ಲಿ ಶರ್ಟುಗಳನ್ನು ಮಡಿಸಿ ಇಡುತ್ತಿದ್ದ ತಂಗಮಣಿ ತಲೆ ಎತ್ತಿದಳು.

"ನಮ್ಗೆ ಮೊಸರನ್ನ ತಂದ್ಕೊಟ್ಟ ಪಯ್ಯನಲ್ವಾ ಇದು," ಎಂದಳು.

ಅವನಿಗೆ ನೆನಪು ಬರಲೇಬೇಕಾಯಿತು. ನಾನು ಯಾರ ಮಗ, ಅಪ್ಪನ ಮಗ್ಗ ಎಲ್ಲಿ ಎಂಬುದರಿಂದ ಶುರುಮಾಡಿ ಟೆಲೆಕ್ಸಿನ ವಿಷಯ ಹೇಳಿದೆ. ಅಣ್ಣಾ ಎಂದೇ ಕರೆದೆ, ಗಂಟಲಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಅವನು ಮೊದಲು ಗದರಿದ. ಆಮೇಲೆ ಗಡಿಯಾರ ನೋಡಿ ಏನೋ ಲೆಕ್ಕ ಹಾಕಿದವನ ಹಾಗೆ ದನಿ ತಗ್ಗಿಸಿ ಕೂರಲು ಹೇಳಿದ. ಬೆರ್ತೋನಿ ಆ ದಿನವೇ ಕೊಯಮತ್ತೂರಿನ ಹೋಟೆಲಿನಿಂದ ಬರುವವನಿದ್ದ, ದೊಡ್ಡ ಆರ್ಡರಿಗೆ ಸಹಿ ಹಾಕಲು. ಆ ರಾತ್ರಿ ಹಡಗಿನಲ್ಲಿ ನಿನ್ನ ಮುಖ ಯಾಕೆ ಹಾಗಾಯಿತು, ಆ ಹುಡುಗ ನಿಜವಾಗಿ ಏನು ಕೇಳಿದ ಎಂದು ಅವನು ಈಗಲೂ ನಗುನಗುತ್ತ ಕೆದಕುತ್ತಿದ್ದಾನಂತೆ. ಕೃಷ್ಣಸಾಮಿಗೆ ಅದು ಹಲ್ಲಿನ ಸಂದಿಯ ನಾರಿನಂತೆ ಆಗಿತ್ತು. ಅದಕ್ಕೇ ನನಗೆ ಹೇಳಿದ: ನೀನೇ ಅವನ ಎದುರಿಗೆ, ಹೌದು ನಾನು ಕಷ್ಟದಲ್ಲಿದ್ದೆ, ಹಣ ಬೇಡಿದೆ, ತಪ್ಪಾಯಿತು ಎಂದು ಹೇಳಿಬಿಡು. ನಾನು ಮನ್ನಿಸಿದೆ ಎನ್ನುತ್ತೇನೆ. ಟೆಲೆಕ್ಸು ಇವತ್ತೇ ಹೋಗುತ್ತದೆ, ಹಡಗು ನಿನ್ನದು. ಇಷ್ಟು ಅವನ ಮಾತು.

ಅಂದರೆ ಬೇಡದವನು ಬೇಡಿದೆನೆಂದು ಒಪ್ಪಿಕೊಂಡರೆ, ಬೇಡಲಿಲ್ಲವೆಂದು ಅವನು ಬರೆದುಕೊಡುತ್ತಾನೆ. ಎದ್ದು ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಒಪ್ಪಿಕೊಂಡೆ. ನನಗೆ ಹಡಗು ಬೇಕಿತ್ತು.

ಕೃಷ್ಣಸಾಮಿ ಕ್ಲರ್ಕ್ ಕಾಳಿಯಪ್ಪನ್‌ನನ್ನು ಕರೆದುಕೊಂಡು ಹೊರಗೆ ಹೋಗಿ ಏನೋ ಹೇಳಿ ಬಂದ. ಟೆಲೆಕ್ಸಿಗೆ ಹೇಳಿ ಬಂದೆ ಎಂದ. ಕಾಫಿ ಮಾಡಲು ತಂಗಮಣಿಯೂ ಅವರ ಹಿಂದೆಯೇ ಹೊರಗೆ ಹೋಗಿದ್ದಳು.

ಬೆರ್ತೋನಿ ಬೆವರು ಒರೆಸಿಕೊಳ್ಳುತ್ತ ಮೇಲೆ ಹತ್ತಿ ಬಂದ. ನನ್ನನ್ನು ಕಂಡು 'ರಾಮ್' ಎಂದು ಗುರುತು ಹಿಡಿದು ಕೈ ಕುಲುಕಿದ. ಕೃಷ್ಣಸಾಮಿ ಇಂಗ್ಲಿಷಿನಲ್ಲಿ, ಪಾಪದ ಹುಡುಗ, ಕ್ಷಮೆ ಕೇಳಲು ಬಂದಿದ್ದಾನೆ, ಆ ರಾತ್ರಿ ಏನಾಯಿತೆಂದು ಅವನ ಬಾಯಿಂದಲೇ ಕೇಳಿ ಎಂದ. ನಾನು ಎದ್ದು ನಿಂತೆ. ಆಗ ತಂಗಮಣಿ ಕಾಫಿಯ ತಟ್ಟೆ ಹಿಡಿದು ನಮ್ಮ ನಡುವೆ ಬಂದಳು. ಬೆರ್ತೋನಿಗೆ ಲೋಟ ಕೊಡುತ್ತ, ಮುಖದ ತುಂಬ ನಗು ಇಟ್ಟುಕೊಂಡು, ಸಕ್ಕರೆ ಸಾಕಾ ಎಂದು ವಿಚಾರಿಸುವ ದನಿಯಲ್ಲಿ ಗಂಡನಿಗೆ ಕನ್ನಡದಲ್ಲಿ ಹೇಳಿದಳು.

"ಟೆಲೆಕ್ಸ್ ಕಳಿಸ್ಬ್ಯಾಡ ಅಂತ ಕಾಳಿಯಪ್ಪನ್‌ಗೆ ಹೇಳಿದ್ ನಂಗ್ ಕೇಳಿಸ್ತು. ಕಳಿಸ್ದೆ ಇರೋ ಟೆಲೆಕ್ಸ್‌ಗೆ ಇವನ್ ಬಾಯಲ್ಲಿ ಯಾಕ್ ಪಿಚ್ಚೆ ಬೇಡಿದೆ ಅಂತ ಹೇಳಿಸ್ತೀರ?"

ಕೃಷ್ಣಸಾಮಿಯೂ ನಗುತ್ತಿದ್ದ, ಗಿರಾಕಿ ಎದುರಿಗಿದ್ದನಲ್ಲ.

"ಬಾಯ್ ಮುಚ್ಚೆ. ಅವನಿಗೆ ನಮ್ ಮಾತು ತಿಳೀತದೆ."

"ತಿಳೀಲಿ ಅಂತ್ಲೇ ಹೇಳ್ದೆ," ಎಂದಳು, ಬೆರ್ತೋನಿಯ ಮುಂದೆ ಬಿಸ್ಕೀಟು ಇಡುತ್ತ. "ಅವತ್ತು ನಾ ತಲೆ ಬಗ್ಸ್ಕೊಂಡು ಕುಂತಿದ್ದೆ. ಆ ಅನ್ನ ಇವತ್ತಿಗೂ ನನ್ ಗಂಟಲಲ್ಲಿ ಸಿಕ್ಕೊಂಡಿದೆ."

"ಅಣ್ಣಾ, ಅಕ್ಕ ಹೇಳೋದು ನಿಜಾನಾ?" ಎಂದೆ. ನಾನೂ ನಗುತ್ತಿದ್ದೆ. ಆ ವಿದ್ಯೆಯಲ್ಲಿ ಅವರಿಬ್ಬರಿಗಿಂತ ನನಗೇ ಹೆಚ್ಚು ಅಭ್ಯಾಸ.

"ಹೇಳ್ಕೊಟ್ಟದ್ ಹೇಳ್ಬುಟ್ಟು ಎದ್ದೋಗ್ಲಾ ನಾಯಿ. ಇಲ್ಲಾಂದ್ರೆ ಅವಿನಾಶಿಯಿಂದ ಪಲ್ಲಡಂ ತಂಕ ಯಾವ ಕಂಪನೀಲೂ ನಿಂಗೆ ವೇಲೆ ಸಿಗ್ದಂಗೆ ಮಾಡ್ತೀನಿ. ನಿಮ್ಮಪ್ಪನ್ ಮಗ್ಗಕ್ಕೂ ನೂಲು ಬರ್ದಂಗೆ ಮಾಡ್ತೀನಿ."

ಅವನು ಇದನ್ನು ಹೇಳಿದ್ದು ಮಗುವನ್ನು ಮುದ್ದು ಮಾಡುವವನ ಮುಖದಲ್ಲಿ. ಬೆರ್ತೋನಿ ಕಾಫಿ ಹೀರುತ್ತ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ನಿಮ್ಮ ಭಾಷೆ ಬಹಳ ಇಂಪು, ಹಾಡಿದ ಹಾಗೆ ಇದೆ ಎಂದು ಇಂಗ್ಲಿಷಿನಲ್ಲಿ ಹೊಗಳಿದ. ಕೃಷ್ಣಸಾಮಿ ಥ್ಯಾಂಕ್ಯೂ ಎಂದ.

ಹಡಗು ಹೋಯಿತು ಎಂದು ನನಗೆ ಆ ಕ್ಷಣ ಗೊತ್ತಾಯಿತು. ಹೇಳಿದರೂ ಇಲ್ಲ, ಹೇಳದಿದ್ದರೂ ಇಲ್ಲ. ಆರು ತಿಂಗಳಿನಿಂದ ಎದೆಯೊಳಗೆ ಗಂಟು ಕಟ್ಟಿಕೊಂಡಿದ್ದ ಆಸೆ ಒಂದು ಲೋಟ ಕಾಫಿ ತಣ್ಣಗಾಗುವುದರೊಳಗೆ ಸತ್ತುಹೋಯಿತು. ಅದರ ಜಾಗಕ್ಕೆ ಬಂದದ್ದು ದ್ವೇಷ, ಶುದ್ಧ ದ್ವೇಷ. ಅದರಿಂದ ತಲೆ ಎಷ್ಟು ತಿಳಿಯಾಯಿತೆಂದರೆ, ಹಡಗಿನಲ್ಲಿ ಕಲಿತ ಇಟಾಲಿಯನ್ ಪದಗಳೆಲ್ಲ ಸಾಲಾಗಿ ಬಂದು ನಿಂತವು.

ಬೆರ್ತೋನಿಯೇ ಅದಕ್ಕೆ ದಾರಿ ಮಾಡಿದ. ಹಡಗಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದ ಅಭ್ಯಾಸದಲ್ಲಿ ಇಂಗ್ಲಿಷು ಬಿಟ್ಟು ತನ್ನ ಭಾಷೆಯಲ್ಲೇ ಕೇಳಿದ: ಹೇಳು ರಾಮ್, ಆ ರಾತ್ರಿ ಏನು ಕೇಳಿದೆ ಇವನನ್ನು?

ನಿಮ್ಮದು ಯಾವ ಊರು ಎಂದು ಕೇಳಿದೆ ಎಂದೆ, ಅದೇ ಭಾಷೆಯಲ್ಲಿ.

ಅಷ್ಟೇನಾ ಎಂದ. ಅಷ್ಟೇ ಎಂದೆ. ಅಷ್ಟಕ್ಕೆ ಅವನ ಮುಖ ಯಾಕೆ ಹಾಗಾಯಿತು ಎಂದು ಕೇಳಿದವನು ತಾನೇ ಸ್ವಲ್ಪ ಯೋಚಿಸಿದ. ಇವರ ಮಾತು ನಿನಗೆ ಎಷ್ಟು ತಿಳಿಯುತ್ತದೆ ಎಂದ.

ಎಲ್ಲ ತಿಳಿಯುತ್ತದೆ ಎಂದೆ.

ಕೃಷ್ಣಸಾಮಿ ನನ್ನ ಬಾಯಿ, ಬೆರ್ತೋನಿಯ ಬಾಯಿ ಎಂದು ಎರಡರ ನಡುವೆ ಕಣ್ಣು ಓಡಿಸುತ್ತಿದ್ದ. ಒಂದಕ್ಷರ ಅವನಿಗೆ ತಿಳಿಯಲಿಲ್ಲ. ಆದರೆ ನಾನು ತಲೆ ತಗ್ಗಿಸಿ, ಕೈ ಕಟ್ಟಿಕೊಂಡು, ಮೆಲುದನಿಯಲ್ಲಿ ಮಾತಾಡುತ್ತಿದ್ದೆ, ಹೆದರಿಕೆ ಹಾಕಿದ್ದು ಕೆಲಸ ಮಾಡಿತು ಎಂದು ಅವನಿಗೆ ಧೈರ್ಯ ಬಂದಿರಬೇಕು. ಕಾಲ ಮೇಲೆ ಕಾಲು ಹಾಕಿಕೊಂಡ. ಬೆರ್ತೋನಿ ಮುಂದಕ್ಕೆ ಬಗ್ಗಿ, ನೀನು ಊರು ಕೇಳುವುದಕ್ಕೆ ಮುಂಚೆ ಇವರಿಬ್ಬರೂ ಏನು ಮಾತಾಡುತ್ತಿದ್ದರು ಎಂದು ಕೇಳಿದ.

ತಂಗಮಣಿಯ ಕಡೆ ನೋಡಿದೆ. ಇವಳ ಸಂಸಾರವೂ ಇದರಲ್ಲೇ ಇದೆ, ಕೆಳಗೆ ಅಷ್ಟು ಹೆಣ್ಣುಮಕ್ಕಳ ಕೂಲಿಯೂ ಇದರಲ್ಲೇ ಇದೆ, ಇಲ್ಲವೆನ್ನುವುದಿಲ್ಲ. ನೋಡಿದೆ, ಆದರೂ ಹೇಳಿದೆ. ಮೇಜಿನ ಪಕ್ಕ ನಿಂತು ಇವತ್ತಿನ ಅಡುಗೆ ಏನೇನು ಎಂದು ಒಪ್ಪಿಸುವ ಹಾಗೆ, ಅವಸರವಿಲ್ಲದೆ ಒಂದೊಂದಾಗಿ ಹೇಳಿದೆ. ಅಗ್ಗದ ಬಣ್ಣ ಹಾಕಿದ್ದಾರೆ, ಒಂದು ಸಲ ತೊಳೆದರೆ ಬಿಡುತ್ತದೆ, ಅವರಿಗೆ ಮೊದಲೇ ಗೊತ್ತು, ಹಡಗಿಗೆ ಬರುವವರು ಒಂದು ದಿನ ಹಾಕಿ ಬಿಸಾಡುವ ಜನ, ಬಣ್ಣ ಹೋಗುವುದರೊಳಗೆ ಮುಂದಿನ ಆರ್ಡರು ಸಿಕ್ಕಿರುತ್ತದೆ ಎಂದು ಮಾತಾಡಿಕೊಂಡರು. ಬಣ್ಣಕ್ಕೆ ಇಟಾಲಿಯನ್ನಿನಲ್ಲಿ ಹೇಳುವ ಪದ ಇಂಗ್ಲಿಷಿನ ಕಲರಿಗೆ ಹತ್ತಿರ. ಅದು ಕಿವಿಗೆ ಬಿದ್ದ ಕೂಡಲೇ ತಂಗಮಣಿಯ ಕೈ ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಗಂಡನ ಕಡೆ ಅವಳು ತಿರುಗಲಿಲ್ಲ.

ಕೃಷ್ಣಸಾಮಿ ನನ್ನ ಒಂದೊಂದು ವಾಕ್ಯಕ್ಕೂ ತಲೆದೂಗುತ್ತಿದ್ದ. ನಡುನಡುವೆ ಇಂಗ್ಲಿಷಿನಲ್ಲಿ ಪೂರ್ ಬಾಯ್, ಪೂರ್ ಬಾಯ್ ಎಂದು ಸೇರಿಸುತ್ತಿದ್ದ.

ನಾನು ಮುಗಿಸಿದೆ. ಬೆರ್ತೋನಿ ಲೋಟ ಕೆಳಗಿಟ್ಟು, ಎದುರಿಗಿದ್ದ ಕೆಂಪು ಶರ್ಟೊಂದನ್ನು ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿದ. ಆಮೇಲೆ ಕೃಷ್ಣಸಾಮಿಯ ಕಡೆ ತಿರುಗಿ, ಅವನಿಗೆ ತಿಳಿಯುವ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿದ: ಈ ಹುಡುಗ ಹೇಳಿದ್ದೆಲ್ಲ ನಿಜವೇ?

"ನಿಜ ಸಾರ್," ಎಂದ ಕೃಷ್ಣಸಾಮಿ, ಎದೆಯ ಮೇಲೆ ಕೈ ಇಟ್ಟುಕೊಂಡು. "ನೂರಕ್ಕೆ ನೂರು ನಿಜ. ನನ್ನ ಹೆಂಡತಿಯೂ ಅಲ್ಲೇ ಇದ್ದಳು, ಬೇಕಾದರೆ ಅವಳನ್ನೂ ಕೇಳಿ."

ಬೆರ್ತೋನಿ ತಂಗಮಣಿಯನ್ನು ನೋಡಿದ. ಅವಳು ತಟ್ಟೆಯನ್ನು ಮೇಜಿನ ಮೇಲೆ ಇಟ್ಟು, ಹೌದು ಎಂದಳು.